ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಪೈಪ್‌ಫಿಶ್ ಸಾಕಣೆ: ಮೊದಲು ಆಹಾರ, ಕೊನೆಗೆ ಮೀನು

ಪೈಪ್‌ಫಿಶ್‌ಗೆ ಜಠರವಿಲ್ಲ, ಬಾಯಲ್ಲಿ ಹಲ್ಲೂ ಇಲ್ಲ. ಕೊಳವೆಯಂಥ ಉದ್ದ ಮೂತಿಯನ್ನು ಬೇಟೆಯ ಹತ್ತಿರಕ್ಕೆ ತಂದು, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಅದನ್ನು ನೀರಿನೊಂದಿಗೆ ಒಳಗೆ ಹೀರಿಕೊಳ್ಳುವುದೊಂದೇ ಅದಕ್ಕೆ ಗೊತ್ತಿರುವ ಊಟದ ಕ್ರಮ. ಹೀಗೆ ನುಂಗಿದ್ದು ಎಲ್ಲಿಯೂ ತಂಗದೆ ನೇರವಾಗಿ ಕರುಳಿಗೆ ಇಳಿದು ಬೇಗನೆ ಹೊರಬೀಳುವುದರಿಂದ, ಬೆಳಗ್ಗೆ ಒಮ್ಮೆ ತಿಂದು ಸಂಜೆಯವರೆಗೆ ಸುಮ್ಮನಿರುವುದು ಈ ಮೀನಿಗೆ ಆಗದ ಮಾತು. ಸಮುದ್ರದಲ್ಲಿ ಅದು ಹಗಲೆಲ್ಲ ಕಲ್ಲು, ಪಾಚಿ, ಮರಳುಗಳ ಮೇಲೆ ಸಣ್ಣಸಣ್ಣ ಜೀವಿಗಳನ್ನು ಹುಡುಕುತ್ತ ಒಂದೊಂದಾಗಿ ಹೆಕ್ಕುತ್ತಿರುತ್ತದೆ. ಮನೆಯ ತೊಟ್ಟಿಯಲ್ಲಿ ಈ ಹೆಕ್ಕುವ ಕೆಲಸಕ್ಕೆ ಅವಕಾಶವಿಲ್ಲದಿದ್ದರೆ ಮೀನು ಮೊದಲು ಬಡಕಲಾಗುತ್ತದೆ, ನಂತರ ರೋಗಕ್ಕೆ ಬೀಳುತ್ತದೆ. ನೋಡಿದವರು ರೋಗದಿಂದ ಸತ್ತಿತೆಂದುಕೊಳ್ಳುತ್ತಾರೆ.

ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ಸ್ವಲ್ಪ ತಿರುಗುಮುರುಗಾಗಿದೆ. ತೊಟ್ಟಿ ಕಟ್ಟುವುದು, ಅದರಲ್ಲಿ ಆಹಾರ ಬೆಳೆಯುವುದು, ಆ ಆಹಾರ ತಿಂಗಳುಗಟ್ಟಲೆ ನಿಲ್ಲುತ್ತದೆಯೇ ಎಂದು ನೋಡುವುದು, ಇವೆಲ್ಲ ಮುಗಿದ ಮೇಲಷ್ಟೇ ಮೀನನ್ನು ತರುವುದು. ಉಪ್ಪುನೀರಿನ ಅಕ್ವೇರಿಯಂ ಎಂದರೇನೆಂದು ಇನ್ನೂ ತಿಳಿಯದವರು ಮೊದಲ ವರ್ಷ ಗಟ್ಟಿಮುಟ್ಟಾದ ಬೇರೆ ಮೀನುಗಳನ್ನು ಸಾಕಿ ಕೈ ಪಳಗಿಸಿಕೊಳ್ಳುವುದು ಉತ್ತಮ.

ಒಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಪೈಪ್‌ಫಿಶ್, ಕಡಲ್ಗುದುರೆ ಮತ್ತು ಸೀ ಡ್ರ್ಯಾಗನ್‌ಗಳು ಸಿಂಗ್ನಾಥಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಕೆಲವು ದೇಶಗಳ ವನ್ಯಜೀವಿ ಕಾನೂನು ಈ ಇಡೀ ಕುಟುಂಬಕ್ಕೆ ರಕ್ಷಣೆ ನೀಡಿದ್ದು, ಭಾರತವೂ ಅವುಗಳಲ್ಲಿ ಒಂದಾಗಿದೆ. ಅಂಥ ಕಡೆ ಇವುಗಳನ್ನು ಹಿಡಿಯುವುದು, ಮಾರುವುದು, ಇಟ್ಟುಕೊಳ್ಳುವುದು ಅಪರಾಧವಾಗುತ್ತದೆ. ತಾವಿರುವಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳದೆ ಮುಂದಿನ ಯಾವ ಹಂತಕ್ಕೂ ಕೈಹಾಕಬಾರದು.

ಮೊದಲ ಹಂತ: ಜಾತಿಯನ್ನು ನಿರ್ಧರಿಸುವುದು

ತೊಟ್ಟಿಯ ಗಾತ್ರ, ಕಲ್ಲಿನ ಜೋಡಣೆ, ನೀರಿನ ಹರಿವು ಎಲ್ಲವೂ ಜಾತಿಯನ್ನು ಅವಲಂಬಿಸಿವೆ. ಸಾಕುವವರ ದೃಷ್ಟಿಯಿಂದ ಪೈಪ್‌ಫಿಶ್‌ಗಳಲ್ಲಿ ಮೂರು ಬಗೆಗಳಿವೆ ಎನ್ನಬಹುದು.

ಒಂದು, ಫ್ಲ್ಯಾಗ್‌ಫಿನ್ ಗುಂಪು. ಬಾವುಟದಂತೆ ಅಗಲವಾದ ಬಣ್ಣದ ಬಾಲದ ರೆಕ್ಕೆಯಿಂದ ಇವುಗಳಿಗೆ ಈ ಹೆಸರು ಬಂದಿದೆ. ಇವು ನೆಲಕ್ಕೆ ತಾಗದೆ, ಕಲ್ಲಿನ ಚಾವಣಿಗಳ ಕೆಳಗೆ ನೀರಿನ ನಡುವೆಯೇ ತೇಲಾಡುತ್ತವೆ. ಕೆಲವು ಜಾತಿಗಳು ಇತರ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನೂ ಹೆಕ್ಕಿ ತಿನ್ನುತ್ತವೆ. ಸುಮಾರು 7 ಸೆಂ.ಮೀ. ಉದ್ದಕ್ಕೆ ಬೆಳೆಯುವ ನೀಲಿ ಪಟ್ಟೆಯ ಡೋರಿರಾಂಫಸ್ ಎಕ್ಸಿಸಸ್, ಅದರ ಎರಡರಷ್ಟು ಉದ್ದದ ಡೋರಿರಾಂಫಸ್ ಜಾನ್ಸೈ, ಮೈಯುದ್ದಕ್ಕೂ ಬಳೆ ತೊಟ್ಟಂತೆ ಕಾಣುವ, 18 ಸೆಂ.ಮೀ.ವರೆಗೆ ಬೆಳೆಯುವ ಡಂಕರೊಕ್ಯಾಂಪಸ್ ಡ್ಯಾಕ್ಟಿಲಿಯೋಫೋರಸ್ ಈ ಗುಂಪಿನವು. ಎರಡನೆಯದು ಡ್ರ್ಯಾಗನ್‌ಫೇಸ್ ಎಂದು ಕರೆಯುವ ಕೋರಿಥೋಯಿಕ್ತಿಸ್ ಗುಂಪು. ಇವು ಹಾವಿನಂತೆ ಮರಳು ಮತ್ತು ಕಲ್ಲಿನ ಮೇಲೆ ಹರಿದಾಡುತ್ತ, ಎರಡು ಕಣ್ಣುಗಳನ್ನೂ ಬೇರೆಬೇರೆ ದಿಕ್ಕಿಗೆ ಹೊರಳಿಸುತ್ತ ಬೇಟೆ ಹುಡುಕುತ್ತವೆ. ಮೂರನೆಯದು ಸಮುದ್ರಹುಲ್ಲಿನ ನಡುವೆ ಬಾಳುವ ಜಾತಿಗಳು. ಬಾಲವನ್ನು ಹುಲ್ಲಿಗೆ ಸುತ್ತಿ ನಿಲ್ಲುವ ಅಲಿಗೇಟರ್ ಪೈಪ್‌ಫಿಶ್ ಇವುಗಳಲ್ಲಿ ಒಂದು. ಅದು ಸುಮಾರು 29 ಸೆಂ.ಮೀ.ವರೆಗೆ ಬೆಳೆಯುವುದರಿಂದ ಸಾಮಾನ್ಯ ತೊಟ್ಟಿಗೆ ತಕ್ಕದ್ದಲ್ಲ.

ಮೊದಲ ಬಾರಿಗೆ ಸಾಕುವವರಿಗೆ ನನ್ನ ಶಿಫಾರಸು ನೀಲಿ ಪಟ್ಟೆಯ ಪೈಪ್‌ಫಿಶ್‌ನ ಒಂದು ಜೋಡಿ. ಗಾತ್ರ ಚಿಕ್ಕದು, ನೀರಿನ ಮಧ್ಯಮ ಹರಿವನ್ನು ತಡೆದುಕೊಳ್ಳುತ್ತದೆ, ಡ್ರ್ಯಾಗನ್‌ಫೇಸ್‌ಗಿಂತ ಬೇಗ ಘನೀಕೃತ (ಫ್ರೋಜನ್) ಆಹಾರಕ್ಕೆ ಒಗ್ಗುತ್ತದೆ. ಆದರೆ ಎರಡು ಗಂಡುಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಕಾದಾಟ ತಪ್ಪದು. ಈ ಜಾತಿಯ ಬೆಳೆದ ಗಂಡಿನ ಮೂತಿಯ ಪಕ್ಕಗಳಲ್ಲಿ ಗರಗಸದಂಥ ಸಣ್ಣ ಉಬ್ಬುಗಳಿರುತ್ತವೆ, ಹೆಣ್ಣಿನ ಮೂತಿ ನುಣುಪಾಗಿರುತ್ತದೆ. ಕೊಳ್ಳುವಾಗ ಭೂತಗನ್ನಡಿ ಹಿಡಿದು ನೋಡಲು ಸಂಕೋಚಪಡಬೇಕಾಗಿಲ್ಲ. ಡ್ರ್ಯಾಗನ್‌ಫೇಸ್ ನೋಡಲು ಎಷ್ಟೇ ಸೊಗಸಾಗಿದ್ದರೂ ಅದು ಎರಡನೆಯ ಪ್ರಯತ್ನದ ಮೀನು. ಹವಳಗಳ ಮೇಲೆ ಹಬ್ಬುವ ಕೆಂಪು ಚಪ್ಪಟೆ ಹುಳುಗಳನ್ನು ಅದು ತಿನ್ನುವುದುಂಟು. ಆದರೆ ಹುಳು ತಿನ್ನಿಸಲೆಂದೇ ಅದನ್ನು ತಂದರೆ, ಹುಳು ಮುಗಿದ ಮರುದಿನ ಅದರ ಊಟ ಏನು ಎಂಬ ಪ್ರಶ್ನೆ ಎದುರಾಗುತ್ತದೆ.

ಎರಡನೆಯ ಹಂತ: ತೊಟ್ಟಿ

ನೀಲಿ ಪಟ್ಟೆಯ ಒಂದು ಜೋಡಿಗೆ ಕನಿಷ್ಠ 110 ಲೀಟರ್, ದೊಡ್ಡ ಜಾತಿಗಳಿಗೆ ಅದರ ಎರಡರಷ್ಟು ನೀರು ಹಿಡಿಯುವ ತೊಟ್ಟಿ ಬೇಕು. ಈ ಸಣಕಲು ಮೀನಿಗೆ ಈಜಲು ಇಷ್ಟೊಂದು ಜಾಗ ಬೇಕಿಲ್ಲ. ಅದರ ಆಹಾರ ಹುಟ್ಟಿ ಬೆಳೆಯಲು ಬೇಕು. ಅದೇ ಕಾರಣಕ್ಕೆ ತೊಟ್ಟಿ ಎತ್ತರವಾಗಿರುವುದಕ್ಕಿಂತ ಉದ್ದ ಮತ್ತು ಅಗಲವಾಗಿದ್ದು, ಮರಳು ಮತ್ತು ಕಲ್ಲಿನ ಮೇಲ್ಮೈ ಹೆಚ್ಚಾಗಿರುವುದು ಲೇಸು.

ಲೈವ್ ರಾಕ್, ಅಂದರೆ ಸೂಕ್ಷ್ಮಜೀವಿಗಳು ನೆಲೆಸಿರುವ ಸಮುದ್ರದ ಕಲ್ಲನ್ನು ಜೋಡಿಸುವಾಗ ಫ್ಲ್ಯಾಗ್‌ಫಿನ್‌ಗಳಿಗೆ ಗವಿಗಳೂ ಚಾಚಿದ ಚಾವಣಿಗಳೂ ಇರಲಿ. ಡ್ರ್ಯಾಗನ್‌ಫೇಸ್‌ಗಳಿಗೆ ನುಣ್ಣನೆಯ ಮರಳಿನ ತೆರೆದ ನೆಲ ಹೆಚ್ಚಾಗಿರಲಿ. ಕಲ್ಲುಗಳು ಅಲುಗದಂತೆ ಭದ್ರವಾಗಿ ಕೂರಬೇಕು. ಪೈಪ್‌ಫಿಶ್‌ನ ಮೈ ಎಲುಬಿನ ಉಂಗುರಗಳ ಕವಚದೊಳಗಿದ್ದರೂ ಜಾರಿದ ಕಲ್ಲನ್ನು ತಡೆಯುವಷ್ಟು ಅದು ಗಟ್ಟಿಯಲ್ಲ, ಬೇಗನೆ ಈಜಿ ತಪ್ಪಿಸಿಕೊಳ್ಳುವ ಶಕ್ತಿಯೂ ಈ ಮೀನಿಗಿಲ್ಲ.

ಹಾಗಾಗಿಯೇ ಪಂಪುಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. ನೀರು ಎಳೆದುಕೊಳ್ಳುವ ಪ್ರತಿಯೊಂದು ಬಾಯಿಗೂ, ಅಂದರೆ ಫಿಲ್ಟರ್, ಅಲೆ ಎಬ್ಬಿಸುವ ಪಂಪು, ನೀರು ಉಕ್ಕಿ ಕೆಳಗಿಳಿಯುವ ಓವರ್‌ಫ್ಲೋ ಎಲ್ಲಕ್ಕೂ, ಒರಟು ಸ್ಪಂಜು ಅಥವಾ ಸಣ್ಣ ಕಣ್ಣಿನ ಜಾಲರಿ ಹಾಕಬೇಕು. ಪೆನ್ಸಿಲ್‌ಗಿಂತ ತೆಳ್ಳಗಿರುವ ಮೀನು ಎಲ್ಲಿ ಬೇಕಾದರೂ ನುಸುಳುತ್ತದೆ. ಹೀಟರ್‌ಗೂ ಕವಚ ಬೇಕು, ಏಕೆಂದರೆ ಅದಕ್ಕೆ ಒರಗಿ ನಿಂತ ಮೀನಿಗೆ ಸುಟ್ಟ ಗಾಯವಾಗುತ್ತದೆ. ಫ್ಲ್ಯಾಗ್‌ಫಿನ್‌ಗಳು ಬೆದರಿದಾಗ ಮೇಲಕ್ಕೆ ಹಾರುವುದರಿಂದ ತೊಟ್ಟಿಯ ಬಾಯನ್ನು ಸಣ್ಣ ಬಲೆಯಿಂದ ಪೂರ್ತಿ ಮುಚ್ಚಿ, ವೈರು ಹಾದುಹೋಗುವ ಮೂಲೆಯ ಸಂದನ್ನೂ ಬಿಡಬಾರದು. ನೀರಿನ ಹರಿವು ಒಂದು ಕಡೆ ಸ್ವಲ್ಪ ಜೋರಾಗಿದ್ದರೂ ಇನ್ನೊಂದು ಕಡೆ ನಿಧಾನವಾಗಿದ್ದು, ಮೀನು ತನಗೆ ಹಿತವಾದ ಜಾಗವನ್ನು ತಾನೇ ಆರಿಸಿಕೊಳ್ಳುವಂತಿರಬೇಕು.

ನೀರಿಗೆ ಆರ್‌ಓ ಶುದ್ಧೀಕರಣ ಮಾಡಿದ ನೀರನ್ನೇ ಬಳಸಿ, ಸಮುದ್ರದ ಉಪ್ಪಿನ ಮಿಶ್ರಣವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನ ಗಾಳಿಯಾಡಿಸಿದ ನಂತರ ತೊಟ್ಟಿಗೆ ಹಾಕಬೇಕು. ಸಾಪೇಕ್ಷ ಸಾಂದ್ರತೆ 1.023ರಿಂದ 1.025, ಉಷ್ಣಾಂಶ 23ರಿಂದ 25 ಡಿಗ್ರಿ ಸೆಲ್ಸಿಯಸ್, ಪಿಎಚ್ 8.0ರಿಂದ 8.3 ಇರಲಿ. ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯವೇ ಆಗಿರಬೇಕು. ನೈಟ್ರೇಟ್ 10 ಪಿಪಿಎಂ ಆಸುಪಾಸಿನಲ್ಲಿದ್ದರೆ ಸಾಕು. ಉಷ್ಣಾಂಶ 27 ದಾಟದಂತೆ ನೋಡಿಕೊಳ್ಳುವುದು ಮುಖ್ಯ, ಏಕೆಂದರೆ ಈ ಕುಟುಂಬದ ಮೀನುಗಳನ್ನು ಹೆಚ್ಚಾಗಿ ಕಾಡುವ ವಿಬ್ರಿಯೊ ಬ್ಯಾಕ್ಟೀರಿಯಾಗಳು ನೀರು ಬೆಚ್ಚಗಾದಷ್ಟೂ ವೇಗವಾಗಿ ಬೆಳೆಯುತ್ತವೆ.

ಮೂರನೆಯ ಹಂತ: ಕೋಪಿಪಾಡ್ ಬೆಳೆಸುವುದು

ತೊಟ್ಟಿಯ ನೈಟ್ರೋಜನ್ ಚಕ್ರ, ಅಂದರೆ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್, ನಂತರ ನೈಟ್ರೇಟ್ ಆಗಿಸುವ ಕ್ರಮ, ಕುದುರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಗ ನೀರು ಮೀನಿಗೆ ಸುರಕ್ಷಿತವಾಯಿತೆಂದಷ್ಟೇ ಅರ್ಥ, ತೊಟ್ಟಿಯಲ್ಲಿ ಊಟ ಸಿದ್ಧವಾಯಿತೆಂದಲ್ಲ. ಕೋಪಿಪಾಡ್ ಎಂಬ ಸೂಕ್ಷ್ಮ ಕವಚಜೀವಿಗಳು ಕಲ್ಲು ಮರಳುಗಳಲ್ಲಿ ಬೇರೂರಿ, ತಿಂದಷ್ಟೂ ಮತ್ತೆ ಹುಟ್ಟುವ ಸ್ಥಿತಿಗೆ ಬರಲು ಕನಿಷ್ಠ ಆರು ತಿಂಗಳು ಬೇಕು. ಈ ಆರು ತಿಂಗಳು ತೊಟ್ಟಿಯಲ್ಲಿ ಅವುಗಳನ್ನು ತಿನ್ನುವ ಯಾವ ಮೀನೂ ಇರಬಾರದು.

ಚಕ್ರ ಮುಗಿದ ಕೂಡಲೇ ಟಿಸ್ಬೆ ಮತ್ತು ಟೈಗ್ರಿಯೋಪಸ್ ಜಾತಿಯ ಕೋಪಿಪಾಡ್‌ಗಳನ್ನು ದೀಪ ಆರಿದ ಮೇಲೆ, ಪಂಪು ನಿಲ್ಲಿಸಿ, ಕಲ್ಲಿನ ಬುಡಕ್ಕೆ ಬಿಡಬೇಕು. ಟಿಸ್ಬೆ ಚಿಕ್ಕದು, ಸಂದುಗಳಲ್ಲಿ ಅಡಗಿ ಸಂತತಿ ಉಳಿಸಿಕೊಳ್ಳುತ್ತದೆ. ಟೈಗ್ರಿಯೋಪಸ್ ದೊಡ್ಡದು, ಕೆಂಪಗೆ ಎದ್ದು ಕಾಣುವುದರಿಂದ ಮೀನಿನ ಕಣ್ಣಿಗೆ ಬೇಗ ಬೀಳುತ್ತದೆ, ಹಾಗಾಗಿ ಬೇಗ ಖಾಲಿಯೂ ಆಗುತ್ತದೆ. ವಾರಕ್ಕೆ ಎರಡು ಮೂರು ಬಾರಿ ಸ್ವಲ್ಪ ಜೀವಂತ ಸೂಕ್ಷ್ಮ ಪಾಚಿಯ ದ್ರವವನ್ನು ಹಾಕಿದರೆ ಅವುಗಳಿಗೆ ಆಹಾರವಾಗುತ್ತದೆ.

ಮುಖ್ಯ ತೊಟ್ಟಿಗೆ ಜೋಡಿಸಿದ ರೆಫ್ಯೂಜಿಯಂ ಇಲ್ಲದೆ ಪೈಪ್‌ಫಿಶ್ ಸಾಕುವುದು ಅಸಾಧ್ಯವಲ್ಲವಾದರೂ ನಾನು ಅದನ್ನು ಯಾರಿಗೂ ಹೇಳಲಾರೆ. ಇದು ಮೀನುಗಳು ತಲುಪಲಾಗದ, ಅದೇ ನೀರು ಹರಿಯುವ ಇನ್ನೊಂದು ಸಣ್ಣ ತೊಟ್ಟಿ. ಅದರಲ್ಲಿ ಸಿಕ್ಕುಗೂದಲಿನಂತೆ ಬೆಳೆಯುವ ಕೀಟೊಮಾರ್ಫಾ ಪಾಚಿಯ ಉಂಡೆಯನ್ನಿಟ್ಟು, ಮುಖ್ಯ ತೊಟ್ಟಿಯಲ್ಲಿ ಕತ್ತಲಿರುವಾಗ ಇಲ್ಲಿ ದೀಪ ಉರಿಯುವಂತೆ ಟೈಮರ್ ಹೊಂದಿಸಬೇಕು. ಪಾಚಿ ನೈಟ್ರೇಟನ್ನು ಹೀರಿಕೊಳ್ಳುತ್ತದೆ, ಅದರ ಎಳೆಗಳ ನಡುವೆ ಕೋಪಿಪಾಡ್‌ಗಳು ತುಂಬಿಕೊಳ್ಳುತ್ತವೆ, ಹರಿವಿನೊಂದಿಗೆ ಒಂದಿಷ್ಟು ಮೀನಿನ ಕಡೆಗೆ ಸಾಗುತ್ತಲೇ ಇರುತ್ತವೆ. ರಾತ್ರಿ ದೀಪ ಆರಿಸಿ ಒಂದು ಗಂಟೆಯ ನಂತರ ಟಾರ್ಚ್ ಬಿಟ್ಟು ಗಾಜಿನ ಒಳಮೈಯನ್ನು ನೋಡಿ: ಬಿಳಿ ಚುಕ್ಕೆಗಳು ಎಲ್ಲೆಂದರಲ್ಲಿ ಹರಿದಾಡುತ್ತಿದ್ದರೆ ತೊಟ್ಟಿ ಸಿದ್ಧವಾಗುತ್ತಿದೆ. ಎಣಿಸುವಷ್ಟು ಮಾತ್ರ ಕಂಡರೆ ಇನ್ನೂ ಕಾಯಬೇಕು.

ನಾಲ್ಕನೆಯ ಹಂತ: ಬ್ರೈನ್ ಶ್ರಿಂಪ್ ಮರಿ ಮಾಡಿಸುವುದು

ಮೀನು ಬರುವ ಮೊದಲೇ ಈ ಕೆಲಸ ಕೈಗೆ ಹತ್ತಬೇಕು. ಹೊಸದಾಗಿ ಬಂದ ಪೈಪ್‌ಫಿಶ್ ಸತ್ತ ಆಹಾರವನ್ನು ಆಹಾರವೆಂದೇ ಗುರುತಿಸದೆ ಇರಬಹುದು. ಆಗ ಅದನ್ನು ಬದುಕಿಸುವುದು ಮೊಟ್ಟೆಯೊಡೆದ ಆರ್ಟೀಮಿಯಾ, ಅಂದರೆ ಸೀಗಡಿಯಂಥ ಸಣ್ಣ ಜೀವಿಯಾದ ಬ್ರೈನ್ ಶ್ರಿಂಪ್‌ನ, ಮರಿಗಳೇ.

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಮುಚ್ಚಳದ ಭಾಗ ಕೆಳಗಾಗುವಂತೆ ತಲೆಕೆಳಗಾಗಿ ನಿಲ್ಲಿಸಬೇಕು. ಲೀಟರಿಗೆ ಸುಮಾರು 25 ಗ್ರಾಂ ಉಪ್ಪು ಕರಗಿಸಿದ ನೀರು ತುಂಬಿ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಗಾಳಿಯ ಕೊಳವೆಯನ್ನು ತೀರ ಕೆಳಗಿನವರೆಗೆ ಇಳಿಬಿಟ್ಟು ಜೋರಾಗಿ ಗುಳ್ಳೆ ಎಬ್ಬಿಸಬೇಕು. ನೀರು 26ರಿಂದ 28 ಡಿಗ್ರಿ ಬೆಚ್ಚಗಿದ್ದು ಮೇಲೆ ಬೆಳಕು ಇದ್ದರೆ, ಲೀಟರಿಗೆ ಅರ್ಧ ಟೀ ಚಮಚದಷ್ಟು ಮೊಟ್ಟೆಗಳು 24 ಗಂಟೆಗಳಲ್ಲಿ ಒಡೆದು ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪುಗಳು ಮೇಲೆ ತೇಲುತ್ತವೆ, ಒಡೆಯದ ಮೊಟ್ಟೆಗಳು ತಳ ಸೇರುತ್ತವೆ, ಮರಿಗಳು ಬೆಳಕು ಬೀಳುವ ಕಡೆಗೆ ಗುಂಪುಗೂಡುತ್ತವೆ. ಆ ಗುಂಪನ್ನಷ್ಟೇ ಸಣ್ಣ ಕೊಳವೆಯಿಂದ ಎಳೆದು, ತೆಳು ಬಲೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಮೀನಿಗೆ ಹಾಕಬೇಕು. ಚಿಪ್ಪುಗಳು ಜೀರ್ಣವಾಗುವುದಿಲ್ಲ, ಅವು ಮೀನಿನ ಕರುಳಿಗೆ ಹೋಗದಂತೆ ನೋಡಿಕೊಳ್ಳುವುದೇ ಈ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ.

ಆಗತಾನೇ ಹುಟ್ಟಿದ ಮರಿಯ ಸತ್ವವೆಲ್ಲ ಅದರ ಹಳದಿ ಭಂಡಾರದಲ್ಲಿರುತ್ತದೆ. ಗಂಟೆಗಳು ಕಳೆದಂತೆ ಅದು ಕರಗುತ್ತದೆ. ಆದ್ದರಿಂದ ಮರಿಗಳನ್ನು ಹುಟ್ಟಿದ ಕೂಡಲೇ ಕೊಡಬೇಕು, ಇಲ್ಲವೇ ಸತ್ವ ತುಂಬಿಸಿ ಕೊಡಬೇಕು. ಹುಟ್ಟಿದ ಸುಮಾರು 12 ಗಂಟೆಗಳ ನಂತರ ಅವು ಪೊರೆ ಕಳಚಿ ತಿನ್ನಲು ತೊಡಗಿರುತ್ತವೆ. ಆಗ ಒಮೆಗಾ-3 ಕೊಬ್ಬಿನಾಮ್ಲಗಳಿರುವ ದ್ರವವನ್ನೋ ಸೂಕ್ಷ್ಮ ಪಾಚಿಯನ್ನೋ ಬೆರೆಸಿ ಇನ್ನೊಂದು 12 ಗಂಟೆ ಬಿಟ್ಟರೆ, ಮರಿಯ ಹೊಟ್ಟೆ ಸೇರಿದ್ದು ಮೀನಿನ ಹೊಟ್ಟೆ ಸೇರುತ್ತದೆ. ಬೆಳೆದ ಬ್ರೈನ್ ಶ್ರಿಂಪ್ ಹೀಗೆ ತುಂಬಿಸದಿದ್ದರೆ ಬರಿಯ ಬಾಯಿಚಪಲದ ತಿಂಡಿ. ಅದನ್ನಷ್ಟೇ ತಿಂದ ಮೀನು ದಿನವಿಡೀ ತಿನ್ನುತ್ತಲೇ ಸೊರಗುತ್ತದೆ. ಎರಡು ಬಾಟಲಿಗಳನ್ನು ಒಂದು ದಿನದ ಅಂತರದಲ್ಲಿ ನಡೆಸಿದರೆ ಪ್ರತಿದಿನವೂ ಹೊಸ ಮರಿಗಳು ಸಿಗುತ್ತವೆ. ಎರಡು ವಾರ ಒಂದು ದಿನವೂ ತಪ್ಪದೆ ಇದನ್ನು ನಡೆಸಲಾಗದವರು ಮೀನು ತರುವ ಯೋಚನೆಯನ್ನು ಮುಂದೂಡುವುದೇ ಸರಿ.

ಐದನೆಯ ಹಂತ: ಮೀನನ್ನು ಆರಿಸಿ ತರುವುದು

ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನು ಸಿಕ್ಕರೆ, ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳಬೇಕು. ಸಮುದ್ರದಿಂದ ಹಿಡಿದು ತಂದದ್ದಾದರೆ, ಅಂಗಡಿಯಲ್ಲಿ ಅದು ತಿನ್ನುವುದನ್ನು ಕಣ್ಣಾರೆ ನೋಡದೆ ಹಣ ಕೊಡಬಾರದು. ಮೀನನ್ನು ಪಕ್ಕದಿಂದ ನೋಡಿದರೆ ಸಾಲದು, ಮುಂದಿನಿಂದಲೂ ಕೆಳಗಿನಿಂದಲೂ ನೋಡಬೇಕು; ಹೊಟ್ಟೆಯ ಭಾಗ ಒಳಗೆ ಗುಳಿಬಿದ್ದು ಎಲುಬಿನ ಅಂಚುಗಳು ಚೂಪಾಗಿ ಕಂಡರೆ ಅದು ಬಹಳ ದಿನಗಳಿಂದ ಉಪವಾಸವಿದೆ. ಮೂತಿಯ ತುದಿ ಬೆಳ್ಳಗಾಗಿರುವುದು, ಊದಿರುವುದು, ಉಸಿರಾಟ ಏದುಸಿರಿನಂತಿರುವುದು, ಮೀನು ನೀರಿನ ಮೇಲ್ಭಾಗದಲ್ಲೇ ತೇಲುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬಿಟ್ಟುಬರಬೇಕು. ಮರುಕದಿಂದ ಕೊಂಡು ತಂದ ಮೀನು ಉಳಿಯುವುದು ಅಪರೂಪ.

ಮನೆಗೆ ತಂದ ಮೇಲೆ ಚೀಲದ ನೀರಿಗೆ ತೊಟ್ಟಿಯ ನೀರನ್ನು ತೆಳುಕೊಳವೆಯಿಂದ ಹನಿಹನಿಯಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬೆರೆಸಬೇಕು. ವರ್ಗಾಯಿಸುವಾಗ ಬಲೆ ಬಳಸದೆ, ನೀರು ತುಂಬಿದ ಬಟ್ಟಲಿನಲ್ಲೇ ಎತ್ತಬೇಕು. ಬಲೆಯ ಕಣ್ಣಿಗೆ ಮೂತಿ ಸಿಕ್ಕಿಕೊಂಡು ಗಾಯವಾಗುವುದು ಸಾಮಾನ್ಯ.

ಆರನೆಯ ಹಂತ: ಪ್ರತ್ಯೇಕವಾಸ ಮತ್ತು ಊಟದ ಪಾಠ

ಹೊಸ ಮೀನು ಮೊದಲು ಮುಖ್ಯ ತೊಟ್ಟಿಗೆ ಹೋಗುವುದಿಲ್ಲ. ಸ್ಪಂಜ್ ಫಿಲ್ಟರ್, ಹೀಟರ್, ಹಿಡಿದು ನಿಲ್ಲಲು ಒಂದೆರಡು ಪ್ಲಾಸ್ಟಿಕ್ ಗಿಡಗಳಿರುವ 40 ಲೀಟರಿನ ಬೇರೆ ತೊಟ್ಟಿಯಲ್ಲಿ 30ರಿಂದ 45 ದಿನ ಇರಬೇಕು. ಬಿಳಿಚುಕ್ಕೆ ರೋಗಕ್ಕೆ ಇತರ ಕಡಲ ಮೀನುಗಳಿಗೆ ಹಾಕುವ ತಾಮ್ರದ ಔಷಧಗಳನ್ನು ಪೈಪ್‌ಫಿಶ್ ಸಹಿಸದು, ಅವುಗಳನ್ನು ಬಳಸಲೇಬಾರದು. ಚಪ್ಪಟೆ ಹುಳುಗಳಿಗೆ ಪ್ರಾಜಿಕ್ವಾಂಟೆಲ್, ಕರುಳಿನ ಹುಳುಗಳಿಗೆ ಫೆನ್‌ಬೆಂಡಜೋಲ್ ಈ ಕುಟುಂಬದ ಮೀನುಗಳಲ್ಲಿ ಬಳಕೆಯಲ್ಲಿವೆ. ಪ್ರಮಾಣವನ್ನು ಜಲಚರಗಳನ್ನು ಬಲ್ಲ ಪಶುವೈದ್ಯರಿಂದ ತಿಳಿದುಕೊಳ್ಳಬೇಕು. ಫೆನ್‌ಬೆಂಡಜೋಲ್ ಕಲ್ಲಿನಲ್ಲಿ ಬಹುಕಾಲ ಉಳಿದು ಬಸವನಹುಳುಗಳನ್ನೂ ಕೊಳವೆಹುಳುಗಳನ್ನೂ ಕೊಲ್ಲುವುದರಿಂದ ಅದು ಮುಖ್ಯ ತೊಟ್ಟಿಯ ಹತ್ತಿರವೂ ಸುಳಿಯಬಾರದು.

ಈ ದಿನಗಳ ನಿಜವಾದ ಕೆಲಸ ಘನೀಕೃತ ಆಹಾರವನ್ನು ರೂಢಿಸುವುದು. ಮೊದಲ ವಾರ ಜೀವಂತ ಮರಿಗಳನ್ನೂ ಕೋಪಿಪಾಡ್‌ಗಳನ್ನೂ ದಿನಕ್ಕೆ ನಾಲ್ಕು ಬಾರಿ ಕೊಟ್ಟು ಮೀನು ನಿರಾಳವಾಗಲು ಬಿಡಬೇಕು. ಎರಡನೆಯ ವಾರದಿಂದ ಜೀವಂತ ಆಹಾರದ ಜೊತೆಗೆ ಕರಗಿಸಿ ತೊಳೆದ ಘನೀಕೃತ ಸೈಕ್ಲಾಪ್ಸನ್ನು (ಒಂದು ಬಗೆಯ ಕೋಪಿಪಾಡ್) ಚಿಟಿಕೆಯಷ್ಟು ಸೇರಿಸಿ, ಸಣ್ಣ ಹರಿವಿನಲ್ಲಿ ಅದು ಅಲುಗಾಡುವಂತೆ ಮಾಡಬೇಕು. ಅಲುಗುವುದೆಲ್ಲ ಅದಕ್ಕೆ ಬೇಟೆ. ಒಮ್ಮೆ ತಪ್ಪಿ ಹೀರಿಕೊಂಡರೂ ರುಚಿ ತಿಳಿಯುತ್ತದೆ. ದಿನ ಕಳೆದಂತೆ ಜೀವಂತದ ಪಾಲು ಇಳಿಸಿ, ಮೀನಿನ ಮೂತಿಯ ಗಾತ್ರಕ್ಕೆ ತಕ್ಕಂತೆ ಸಣ್ಣ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ), ಮೀನಿನ ಮೊಟ್ಟೆಗಳ ಕಡೆಗೆ ಸಾಗಬಹುದು. ನೀಲಿ ಪಟ್ಟೆಯ ಮೀನಿಗೆ ದೊಡ್ಡ ಮೈಸಿಸ್ ಹಿಡಿಸದು, ಕತ್ತರಿಸಿ ಕೊಡಬೇಕು. ಮೀನು ಆಹಾರದ ಹತ್ತಿರ ಬಂದು ದಿಟ್ಟಿಸಿ, ತಲೆ ವಾಲಿಸಿ, ಹಾಗೆಯೇ ತಿರುಗಿ ಹೋಗುವುದನ್ನು ಹತ್ತಾರು ಬಾರಿ ನೋಡಬೇಕಾಗುತ್ತದೆ. ಇದು ನಿರಾಕರಣೆಯಲ್ಲ, ಪರೀಕ್ಷೆ. ಕೆಲವು ಮೀನುಗಳು, ವಿಶೇಷವಾಗಿ ಡ್ರ್ಯಾಗನ್‌ಫೇಸ್‌ಗಳು, ಎಂದಿಗೂ ಒಗ್ಗದೆ ಜೀವಂತ ಆಹಾರದಲ್ಲೇ ಉಳಿಯುವುದುಂಟು.

ಏಳನೆಯ ಹಂತ: ಜೊತೆಗಾರರು

ಪೈಪ್‌ಫಿಶ್ ಯೋಚಿಸಿ ತಿನ್ನುವಷ್ಟರಲ್ಲಿ ಇತರ ಮೀನುಗಳು ತಟ್ಟೆ ಖಾಲಿ ಮಾಡಿರುತ್ತವೆ. ಡ್ಯಾಮ್ಸೆಲ್, ಕ್ಲೌನ್‌ಫಿಶ್, ಟ್ಯಾಂಗ್, ರಾಸ್ ಜಾತಿಗಳನ್ನು ಇವುಗಳೊಂದಿಗೆ ಇಡಬಾರದು. ಮ್ಯಾಂಡರಿನ್ ಮೀನು ಸೌಮ್ಯವಾದರೂ ಹಗಲೆಲ್ಲ ಅದೇ ಕೋಪಿಪಾಡನ್ನು ಹೆಕ್ಕುತ್ತದೆ. ಒಂದೇ ಅನ್ನಕ್ಕೆ ಇಬ್ಬರು ಬಡವರನ್ನು ಕೂರಿಸಿದಂತೆ. ಕಡಲ ಹೂವು (ಸೀ ಅನಿಮೋನ್), ಉದ್ದ ಎಸಳುಗಳಿಂದ ಕುಟುಕುವ ಯೂಫಿಲಿಯಾದಂಥ ಹವಳ, ದೊಡ್ಡ ಏಡಿ ಇವೆಲ್ಲವೂ ನಿಧಾನದ ಮೀನಿಗೆ ಅಪಾಯ. ಸಣ್ಣ ಗೋಬಿ ಮೀನುಗಳು, ಬಸವನಹುಳುಗಳು, ಮೃದು ಹವಳಗಳು, ಗೊರ್ಗೋನಿಯನ್‌ಗಳು ಹೊಂದಿಕೊಳ್ಳುತ್ತವೆ. ಸಮುದ್ರದಿಂದ ಹಿಡಿದ ಪೈಪ್‌ಫಿಶ್ ತನಗೆ ತೊಂದರೆ ಕೊಡದ ರೋಗಾಣುಗಳನ್ನು ಕಡಲ್ಗುದುರೆಗೆ ದಾಟಿಸಬಲ್ಲದು; ಹಾಗಾಗಿ ಅವು ಒಂದೇ ಕುಟುಂಬದವಾದರೂ ಒಂದೇ ತೊಟ್ಟಿಯಲ್ಲಿ ಬೇಡ.

ಎಂಟನೆಯ ಹಂತ: ನಿತ್ಯದ ಆರೈಕೆ

ದಿನಕ್ಕೆ ಮೂರು ಬಾರಿ ಊಟ, ಹೆಚ್ಚಾದರೆ ನಾಲ್ಕು. ಊಟದ ಹೊತ್ತಿಗೆ ಪಂಪು ನಿಲ್ಲಿಸಿ, ಮೀನಿನ ಹತ್ತಿರ ಪಿಪೆಟ್‌ನಿಂದ ಆಹಾರ ಬಿಟ್ಟು, ಇಪ್ಪತ್ತು ನಿಮಿಷದ ನಂತರ ಉಳಿದುದನ್ನು ಹೀರಿ ತೆಗೆಯಬೇಕು. ಇಷ್ಟು ಆಹಾರ ಹಾಕಿದ ಮೇಲೆ ನೀರು ಕೆಡದಿರಲು ಕೊಳೆಯನ್ನು ನೊರೆಯೊಂದಿಗೆ ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಮತ್ತು ವಾರಕ್ಕೆ ಶೇಕಡ 10ರಿಂದ 15ರಷ್ಟು ನೀರು ಬದಲಾವಣೆ ಅನಿವಾರ್ಯ. ಆವಿಯಾದ ನೀರಿನ ಜಾಗವನ್ನು ಉಪ್ಪುನೀರಿನಿಂದಲ್ಲ, ಶುದ್ಧ ಸಿಹಿನೀರಿನಿಂದ ತುಂಬಬೇಕು, ಏಕೆಂದರೆ ಆವಿಯಾಗುವಾಗ ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ.

ವಾರಕ್ಕೊಮ್ಮೆ ಒಂದೇ ಕೋನದಿಂದ ಮೀನಿನ ಚಿತ್ರ ತೆಗೆದಿಡುವುದು ಒಳ್ಳೆಯ ರೂಢಿ. ದಿನವೂ ನೋಡುವ ಕಣ್ಣಿಗೆ ಸೊರಗುವುದು ಕಾಣುವುದಿಲ್ಲ, ನಾಲ್ಕು ಚಿತ್ರಗಳನ್ನು ಸಾಲಾಗಿ ಇಟ್ಟಾಗ ಕಾಣುತ್ತದೆ. ತಿನ್ನುತ್ತಿದ್ದರೂ ಬಡಕಲಾಗುತ್ತಿದ್ದರೆ ಕರುಳಿನ ಹುಳುವನ್ನು ಸಂಶಯಿಸಬೇಕು. ಮೂತಿ ಬೆಳ್ಳಗಾಗಿ ಗುರಿ ತಪ್ಪುತ್ತಿದ್ದರೆ ಮೂತಿ ಕೊಳೆಯುವ ಸೋಂಕು ಆರಂಭವಾಗಿರಬಹುದು. ಎರಡರಲ್ಲೂ ಮೀನನ್ನು ಅಂದೇ ಪ್ರತ್ಯೇಕ ತೊಟ್ಟಿಗೆ ಸರಿಸಿ ವೈದ್ಯರ ಸಲಹೆ ಪಡೆಯಬೇಕು.

ಜೋಡಿ ಕುದುರಿದರೆ

ಚೆನ್ನಾಗಿ ತಿಂದ ಜೋಡಿ ಅಕ್ಕಪಕ್ಕ ನಿಂತು, ತಲೆಯೆತ್ತಿ, ಒಟ್ಟಿಗೆ ಮೇಲೇರಿ ಇಳಿಯುವುದನ್ನು ಮುಂಜಾನೆ ಕಾಣಬಹುದು. ಈ ಕುಟುಂಬದಲ್ಲಿ ಬಸಿರು ಹೊರುವುದು ಗಂಡು. ಫ್ಲ್ಯಾಗ್‌ಫಿನ್ ಗಂಡಿಗೆ ಕಡಲ್ಗುದುರೆಯಂತೆ ಮುಚ್ಚಿದ ಚೀಲವಿರುವುದಿಲ್ಲ. ಹೆಣ್ಣು ಇಟ್ಟ ಮೊಟ್ಟೆಗಳು ಅದರ ಹೊಟ್ಟೆಯ ಕೆಳಗೆ ಅಂಟಿಕೊಂಡಿರುತ್ತವೆ, ಹೊರಗಿನಿಂದಲೇ ಕಾಣುತ್ತವೆ. ಆ ದಿನಗಳಲ್ಲಿ ತೊಟ್ಟಿಯ ಕಲ್ಲು ಸರಿಸುವುದು, ಹೊಸ ಮೀನು ಬಿಡುವುದು ಬೇಡ. ಮೊಟ್ಟೆಯಿಂದ ಬಂದ ಮರಿಗಳು ಮೇಲ್ನೀರಿನಲ್ಲಿ ತೇಲುತ್ತವೆ, ಆರ್ಟೀಮಿಯಾ ಮರಿಯೂ ಅವುಗಳ ಬಾಯಿಗೆ ದೊಡ್ಡದು. ಮೊದಲ ದಿನಗಳಲ್ಲಿ ಕೋಪಿಪಾಡ್‌ನ ಮರಿಗಳನ್ನೇ ಕೊಡಬೇಕಾಗುತ್ತದೆ. ಆದ್ದರಿಂದ ಗಂಡಿನ ಹೊಟ್ಟೆಯಲ್ಲಿ ಮೊಟ್ಟೆ ಕಂಡ ದಿನವೇ ಕೋಪಿಪಾಡ್‌ಗಳ ಇನ್ನೊಂದು ಬಾಟಲಿಯನ್ನು ಬೇರೆಯಾಗಿ ಬೆಳೆಸಲು ಆರಂಭಿಸಬೇಕು.